ದೆಹಲಿ ನಾಯಕರ ಕೈಗೆ ಕೊಡುವ ಒಂದು ಹಾಳೆ

ರಾಷ್ಟ್ರೀಯ ಪಕ್ಷವೊಂದರ ರಾಜ್ಯ ಕಚೇರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನದನ್ನು ಯಾರೂ ಸಮಾಧಾನವಾಗಿ ಓದುವುದಿಲ್ಲ. ನನ್ನ ಕೆಲಸ ಟಿಪ್ಪಣಿ ಬರೆಯುವುದು. ದೆಹಲಿಯಿಂದ ದೊಡ್ಡ ನಾಯಕರು ಬಂದಾಗ ಅವರು ಹೋಗುವ ಊರಿನ ಬಗ್ಗೆ ಒಂದು ಹಾಳೆ ತಯಾರು ಮಾಡಬೇಕು. ಒಂದೇ ಹಾಳೆ. ಎರಡನೇ ಪುಟ ಇದ್ದರೂ ಅದನ್ನು ಯಾರೂ ತಿರುಗಿಸುವುದಿಲ್ಲ. ಹೆಲಿಪ್ಯಾಡ್‌ನಿಂದ ವೇದಿಕೆಗೆ ಕಾರಿನಲ್ಲಿ ಹೋಗುವಷ್ಟರಲ್ಲಿ ಓದಿ ಮುಗಿಯಬೇಕು, ಅದೂ ಪಕ್ಕದಲ್ಲಿ ಕೂತ ಜಿಲ್ಲಾಧ್ಯಕ್ಷರು ಏನೇನೋ ಹೇಳುತ್ತಿರುವಾಗಲೇ.

ದೆಹಲಿಯವರಿಗೆ ಇಲ್ಲಿಯ ವಿಷಯ ಗೊತ್ತಿರುವುದಿಲ್ಲ, ಅದಕ್ಕೇ ಸ್ಥಳೀಯರ ಸಲಹೆ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗೊತ್ತಿರುತ್ತದೆ ಸ್ವಾಮಿ. 224 ಕ್ಷೇತ್ರಗಳ ಸರ್ವೆ, ಜಾತಿ ಲೆಕ್ಕ, ಹಿಂದಿನ ಚುನಾವಣೆಯ ಬೂತ್‌ವಾರು ಅಂಕಿ ಎಲ್ಲ ಅವರ ಲ್ಯಾಪ್‌ಟಾಪಿನಲ್ಲಿ ಇರುತ್ತದೆ. ಎಷ್ಟೋ ಸಲ ನಮ್ಮದಕ್ಕಿಂತ ಅಚ್ಚುಕಟ್ಟಾಗಿಯೇ ಇರುತ್ತದೆ. ಅವರಿಗೆ ಸಿಗದೇ ಇರುವುದು ಮಾತಿನ ತೂಕ. ಒಂದೇ ವಾಕ್ಯ ಒಂದು ಜಿಲ್ಲೆಯಲ್ಲಿ ಹಗುರ, ಇನ್ನೊಂದರಲ್ಲಿ ಮಣಭಾರ. ಅದನ್ನು ಮೊದಲೇ ಹೇಳುವವನೇ ನಿಜವಾದ ಪ್ರಾದೇಶಿಕ ಸಲಹೆಗಾರ.

ನಂದಿನಿ ವಿಷಯ ನೆನಪಿದೆ ಅಲ್ವಾ? 2022ರ ಡಿಸೆಂಬರ್ 30ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮೆಗಾ ಡೈರಿ ಉದ್ಘಾಟನೆ. ಕೇಂದ್ರ ಸಹಕಾರ ಸಚಿವ ಅಮಿತ್ ಶಾ ಅಲ್ಲಿ ಮಾತಾಡುತ್ತಾ, ಅಮುಲ್ ಮತ್ತು ನಂದಿನಿ ಒಟ್ಟಾಗಿ ಕೆಲಸ ಮಾಡಿದರೆ ಮೂರು ವರ್ಷದಲ್ಲಿ ಹಳ್ಳಿ ಹಳ್ಳಿಗೂ ಪ್ರಾಥಮಿಕ ಡೈರಿ ಬರುತ್ತದೆ ಎಂಬರ್ಥದಲ್ಲಿ ಹೇಳಿದರು. ವಿಲೀನ ಅಂತ ಅವರು ಹೇಳಿರಲಿಲ್ಲ. ದೆಹಲಿಯಲ್ಲಿ ಕೂತು ನೋಡಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಎರಡು ಸಹಕಾರಿ ಸಂಸ್ಥೆ, ಎರಡೂ ಚೆನ್ನಾಗಿ ನಡೆಯುತ್ತಿವೆ, ಕೈ ಜೋಡಿಸಲಿ.

ಆದರೆ ಮಂಡ್ಯದ ಹಳ್ಳಿಯಲ್ಲಿ ನಿಂತು ನೋಡಿ. ಅಲ್ಲಿ 'ಡೈರಿ' ಅಂದರೆ ಕಾರ್ಖಾನೆಯಲ್ಲ, ಊರಿನ ಹಾಲು ಸಂಘ. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಸಾಲು ನಿಲ್ಲುವ ಜಾಗ. ಕಬ್ಬಿನ ಬಾಕಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಹಾಲಿನ ಬಟವಾಡೆ ಮಾತ್ರ ಬರುತ್ತದೆ. ಮಕ್ಕಳ ಫೀಸು, ಅಂಗಡಿ ಸಾಲ, ಹಬ್ಬದ ಬಟ್ಟೆ ಎಲ್ಲ ಅದರಲ್ಲೇ. ಲೀಟರಿಗೆ 5 ರೂಪಾಯಿ ಸರ್ಕಾರಿ ಪ್ರೋತ್ಸಾಹಧನ ಒಂದು ತಿಂಗಳು ತಡವಾದರೂ ಮನೆ ಹೆಂಗಸರು ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತಾರೆ. ಅಂಥ ಜಾಗದಲ್ಲಿ ಇನ್ನೊಂದು ರಾಜ್ಯದ ಬ್ರ್ಯಾಂಡ್ ಹೆಸರು ತೆಗೆದರೆ ಸಾಕು, ಮುಂದಿನದನ್ನು ಜನರೇ ಊಹಿಸಿಕೊಳ್ಳುತ್ತಾರೆ. ಎದುರಾಳಿಗಳಂತೂ ಊಹಿಸಲು ಸಹಾಯ ಮಾಡುತ್ತಾರೆ. 2023ರ ಏಪ್ರಿಲ್ ಮೊದಲ ವಾರ ಅಮುಲ್ ಬೆಂಗಳೂರಿಗೆ ಬರುತ್ತೇವೆ ಅಂತ ಟ್ವೀಟ್ ಮಾಡಿತು. ವಿಧಾನಸಭಾ ಚುನಾವಣೆ ಘೋಷಣೆಯಾಗಿ ಒಂದು ವಾರವಷ್ಟೇ ಆಗಿತ್ತು. ನಂದಿನಿಯನ್ನು ವಿಲೀನ ಮಾಡುವ ಪ್ರಸ್ತಾಪವೇ ಇಲ್ಲ ಅಂತ ಬಿಜೆಪಿ ನಾಯಕರು ದಿನಾ ಸ್ಪಷ್ಟನೆ ಕೊಡಬೇಕಾಯಿತು. ಅದೇ ತಿಂಗಳು ರಾಹುಲ್ ಗಾಂಧಿ ಬೆಂಗಳೂರಿನ ನಂದಿನಿ ಪಾರ್ಲರ್‌ಗೆ ಹೋಗಿ ಐಸ್ ಕ್ರೀಮ್ ತಿಂದು ಫೋಟೊ ಹಾಕಿದರು. ಭಾಷಣವೇ ಬೇಕಾಗಲಿಲ್ಲ. ಆ ಐಡಿಯಾ ಯಾರದೋ ಗೊತ್ತಿಲ್ಲ, ಆದರೆ ಈ ಊರಿನ ನಾಡಿ ಗೊತ್ತಿದ್ದವರದ್ದೇ ಇರಬೇಕು.

ಬಿಜೆಪಿ ಆ ಚುನಾವಣೆ ಸೋತದ್ದು ಹಾಲಿನಿಂದಲೇ ಅಂತ ನಾನು ಹೇಳುತ್ತಿಲ್ಲ. ಗ್ಯಾರಂಟಿಗಳು, 40 ಪರ್ಸೆಂಟ್ ಕಮಿಷನ್ ಆರೋಪ, ಟಿಕೆಟ್ ಗಲಾಟೆ ಎಲ್ಲ ಇತ್ತು. ನನ್ನ ಕೆಲಸದ ಮಟ್ಟಿಗೆ ಪ್ರಶ್ನೆ ಇಷ್ಟೇ: ಗೆಜ್ಜಲಗೆರೆ ಭಾಷಣಕ್ಕೆ ಮೊದಲು ಇಲ್ಲಿನವರು ಯಾರಾದರೂ 'ಆ ಒಂದು ಹೆಸರು ಇಲ್ಲಿ ಬೇಡ ಸರ್' ಅಂದಿದ್ದರೆ?

ಹಾಗೆ ಅನ್ನುವುದು ಸುಲಭವಲ್ಲ. ಏನು ಹೇಳಬೇಕು ಅಂತ ಸಲಹೆ ಕೊಡುವವರು ನೂರು ಜನ ಸಿಗುತ್ತಾರೆ. ಏನು ಬೇಡ ಅಂತ ಹೇಳಲು ಎಲ್ಲರಿಗೂ ಹೆದರಿಕೆ. ನನ್ನ ಹಾಳೆಯಲ್ಲಿ ಮೇಲೆ ಸಭೆಯ ಊರು, ವೇದಿಕೆಯಲ್ಲಿ ಯಾರು ಯಾರು, ಹೆಸರು ಹೇಳುವ ಕ್ರಮ ಇರುತ್ತಿತ್ತು. ಈ ಕ್ರಮ ತಪ್ಪಿದರೆ ಮಾರನೇ ದಿನ ಮುನಿಸು ಗ್ಯಾರಂಟಿ. ಆಮೇಲೆ ಹತ್ತಿರದ ಮಠ, ನದಿ, ಬೆಳೆ. ಕೆಳಗಿನ ಅರ್ಧ ಪೂರ್ತಿ 'ಬೇಡ' ಪಟ್ಟಿ. ಹುಬ್ಬಳ್ಳಿಯಲ್ಲಿ ಮಹದಾಯಿ ಬಗ್ಗೆ ಆಡಿದ ಮಾತು ಪಣಜಿಗೂ ಕೇಳುತ್ತದೆ. ಮೈಸೂರಿನಲ್ಲಿ ಮೇಕೆದಾಟು ಅಂದರೆ ಚೆನ್ನೈಯಲ್ಲಿ ಇದೇ ಪಕ್ಷದ ಕಚೇರಿಯ ಫೋನ್ ರಿಂಗ್ ಆಗುತ್ತದೆ. ಬೀದರ್‌ನಿಂದ ಬಳ್ಳಾರಿವರೆಗೆ, ಆ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಗ್ಗೆ ಒಂದು ಮಾತು ಬೇಕೇ ಬೇಕು, ಮಂಡ್ಯದಲ್ಲಿ ಅದನ್ನು ಎತ್ತಿದರೆ ಚಪ್ಪಾಳೆ ಬೀಳುವುದಿಲ್ಲ. ಹೈದರಾಬಾದ್ ಕರ್ನಾಟಕ ಅನ್ನಬಾರದು, 2019ರಿಂದ ಅದು ಕಲ್ಯಾಣ ಕರ್ನಾಟಕ. ದೆಹಲಿಯ ಹಳೇ ಫೈಲುಗಳಲ್ಲಿ ಹಳೇ ಹೆಸರು ಹಾಗೇ ಕೂತಿರುತ್ತದೆ.

ಇತಿಹಾಸದ ಸಾಲುಗಳಂತೂ ಭಯಂಕರ. 2018ರ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಪ್ರಧಾನಿ ಮೋದಿ, 1948ರ ಯುದ್ಧ ಗೆದ್ದ ಮೇಲೆ ಜನರಲ್ ತಿಮ್ಮಯ್ಯ ಅವರನ್ನು ನೆಹರು ಮತ್ತು ರಕ್ಷಣಾ ಸಚಿವ ಕೃಷ್ಣ ಮೆನನ್ ಅವಮಾನಿಸಿದರು ಅಂದರು. 1948ರಲ್ಲಿ ರಕ್ಷಣಾ ಸಚಿವರಾಗಿದ್ದವರು ಬಲದೇವ್ ಸಿಂಗ್. ತಿಮ್ಮಯ್ಯ ಸೇನಾ ಮುಖ್ಯಸ್ಥರಾದದ್ದು 1957ರಲ್ಲಿ, ಮೆನನ್ ಜೊತೆ ಜಟಾಪಟಿಯಾಗಿ ರಾಜೀನಾಮೆ ಕೊಟ್ಟು ವಾಪಸ್ ಪಡೆದದ್ದು 1959ರಲ್ಲಿ. ಜಗಳ ನಿಜ, ಇಸವಿ ಕಲಸಿಹೋಯಿತು. ಮಾರನೇ ದಿನದ ಪತ್ರಿಕೆಗಳಲ್ಲಿ ಇಸವಿಯದ್ದೇ ಸುದ್ದಿ. ಅದೇ ಚುನಾವಣೆಯಲ್ಲಿ ರಾಹುಲ್ ಗಾಂಧಿ ವಿಶ್ವೇಶ್ವರಯ್ಯನವರ ಹೆಸರು ಹೇಳಲು ತಡವರಿಸಿದ ವಿಡಿಯೊ ಎಲ್ಲ ಮೊಬೈಲಿನಲ್ಲೂ ಓಡಿತು. ಆ ಹೆಸರನ್ನು ಐದು ಸಲ ಹೇಳಿ ನೋಡೋಣ ಅಂತ ಸಂತೆಮರಹಳ್ಳಿ ಸಭೆಯಲ್ಲಿ ಮೋದಿ ಸವಾಲನ್ನೂ ಹಾಕಿದರು. ಯಾವ ಪಕ್ಷವೂ ಇದರಿಂದ ಹೊರಗಿಲ್ಲ.

ಇಲ್ಲಿವರೆಗೆ ಹೇಳಿದ್ದು ಸುಲಭದ ಭಾಗ. ಕಷ್ಟ ಏನೆಂದರೆ, ಸಲಹೆ ಕೊಡುವವನ ಒಂದು ಕಣ್ಣು ಯಾವಾಗಲೂ ತನ್ನ ಲಾಭದ ಮೇಲೆ ಇರುತ್ತದೆ. ಜಿಲ್ಲಾಧ್ಯಕ್ಷರಿಗೆ ಟಿಕೆಟ್ ಬೇಕು, ಮಾಜಿ ಶಾಸಕರಿಗೆ ಮಗನ ಚಿಂತೆ. 'ಈ ಸಮುದಾಯ ಸಿಟ್ಟಾಗಿದೆ ಜೀ' ಅಂದರೆ ಎಷ್ಟೋ ಸಲ 'ನಾನು ಸಿಟ್ಟಾಗಿದ್ದೇನೆ ಜೀ' ಅಂತಲೇ ಅರ್ಥ. ಇದು ದೆಹಲಿಗೂ ಗೊತ್ತು. ಅದಕ್ಕೇ ಉಸ್ತುವಾರಿಗಳನ್ನು ಯಾವಾಗಲೂ ಹೊರರಾಜ್ಯದಿಂದ ಹಾಕುತ್ತಾರೆ. 2023ರಲ್ಲಿ ಕಾಂಗ್ರೆಸ್ಸಿಗೆ ಹರಿಯಾಣದ ಸುರ್ಜೇವಾಲಾ, ಬಿಜೆಪಿಗೆ ಚುನಾವಣಾ ಉಸ್ತುವಾರಿಯಾಗಿ ಒಡಿಶಾದ ಧರ್ಮೇಂದ್ರ ಪ್ರಧಾನ್. ಇಲ್ಲಿ ಅವರಿಗೆ ನೆಂಟರಿಲ್ಲ, ಕ್ಷೇತ್ರವಿಲ್ಲ. ಆ ಲೆಕ್ಕ ಸರಿ. ಆದರೆ ಅವರೂ ಕೊನೆಗೆ ಕೇಳಬೇಕಾದದ್ದು ಇಲ್ಲಿನವರನ್ನೇ.

ಹಳೇ ಕಥೆಗಳನ್ನು ನಮ್ಮ ಕಚೇರಿಯ ಹಿರಿಯರೊಬ್ಬರು ಹೇಳುತ್ತಿದ್ದರು. 1978ರಲ್ಲಿ ಇಂದಿರಾ ಗಾಂಧಿ ಲೋಕಸಭೆಗೆ ಮರಳಲು ಚಿಕ್ಕಮಗಳೂರನ್ನು ಆರಿಸಿಕೊಂಡರು. ಡಿ.ಬಿ. ಚಂದ್ರೇಗೌಡರು ಕ್ಷೇತ್ರ ಬಿಟ್ಟುಕೊಟ್ಟರು, ಹಿಂದೆ ನಿಂತವರು ಮುಖ್ಯಮಂತ್ರಿ ದೇವರಾಜ ಅರಸು. ಎದುರಾಳಿ ವೀರೇಂದ್ರ ಪಾಟೀಲ್. ಇಂದಿರಾ ಗೆದ್ದರು. ಮರುವರ್ಷವೇ ಅರಸು ಮತ್ತು ಇಂದಿರಾ ಬೇರೆಯಾದರು. 1980ರ ಲೋಕಸಭಾ ಚುನಾವಣೆಯಲ್ಲಿ ಅರಸು ಇಲ್ಲದೆಯೇ ಇಂದಿರಾ ಪಕ್ಷ ಇಲ್ಲಿ 28ರಲ್ಲಿ 27 ಸ್ಥಾನ ಗೆದ್ದಿತು! 'ನಾವಿಲ್ಲದಿದ್ದರೆ ದೆಹಲಿಗೆ ದಾರಿಯೇ ಇಲ್ಲ' ಅಂತ ಬೀಗುವವರಿಗೆ ಆ ಹಿರಿಯರು ಈ ಸಂಖ್ಯೆ ಹೇಳಿ ಸುಮ್ಮನಾಗುತ್ತಿದ್ದರು.

ದೆಹಲಿಯೇ ಬೀಗಿದರೆ ಆ ಹಿರಿಯರ ಬಳಿ ಇನ್ನೊಂದು ಲೆಕ್ಕ ಇತ್ತು. ಆಮೇಲೆ ಕಾಂಗ್ರೆಸ್ಸಿಗೆ ಬಂದಿದ್ದ ಅದೇ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ 1989ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. 1990ರ ಅಕ್ಟೋಬರ್‌ನಲ್ಲಿ ಪಾಟೀಲರು ಕಾಯಿಲೆ ಬಿದ್ದಿದ್ದಾಗ, ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ಮುಖ್ಯಮಂತ್ರಿ ಬದಲಾವಣೆ ಘೋಷಿಸಿದರು. ರಾಜ್ಯದಲ್ಲಿ ಗಲಭೆ ನಡೆದಿತ್ತು, ಬದಲಾವಣೆಗೆ ಕಾರಣ ಇರಬಹುದು. ಆದರೆ ಹಾಸಿಗೆ ಹಿಡಿದ ಲಿಂಗಾಯತ ನಾಯಕನನ್ನು ಏರ್‌ಪೋರ್ಟ್‌ನಲ್ಲಿ ಇಳಿಸಿದ್ದು ಉತ್ತರ ಕರ್ನಾಟಕದಲ್ಲಿ ಹೇಗೆ ಕೇಳಿಸುತ್ತದೆ ಅನ್ನುವುದನ್ನು ಅವರಿಗೆ ಯಾರೂ ಹೇಳಲಿಲ್ಲ, ಅಥವಾ ಹೇಳಿದ್ದನ್ನು ಅವರು ಕೇಳಲಿಲ್ಲ. 1994ರಲ್ಲಿ ಪಕ್ಷ 34ಕ್ಕೆ ಇಳಿಯಿತು. ಬೇರೆ ಕಾರಣಗಳೂ ಇದ್ದವು. ಆದರೆ ಆ ಏರ್‌ಪೋರ್ಟ್ ಕಥೆ ಚುನಾವಣೆ ಬಂದಾಗಲೆಲ್ಲ ಇವತ್ತಿಗೂ ಹೊರಗೆ ಬರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಒಂದೇ: ಯಾರ ಮಾತನ್ನು ನಂಬಬೇಕು? ಯಾರನ್ನೂ ಪೂರ್ತಿ ನಂಬಬೇಡಿ, ಯಾರನ್ನೂ ಬಿಡಬೇಡಿ. ಮೊದಲು ಹಾಲು ಸಂಘದ ಕಾರ್ಯದರ್ಶಿಗೆ, ಎಪಿಎಂಸಿ ದಲ್ಲಾಳಿಗೆ, ಊರಿನ ಪತ್ರಿಕಾ ವರದಿಗಾರರಿಗೆ ಫೋನ್ ಮಾಡಿ, ಪಕ್ಷದವರಿಗೆ ಕೊನೆಗೆ. ನಾನು ಹಾಳೆಯ ಬಲಗಡೆ ಒಂದು ಸಣ್ಣ ಕಾಲಂ ಶುರು ಮಾಡಿದ್ದೆ. ಪ್ರತಿ ಸಾಲಿನ ಎದುರು ಅದನ್ನು ಹೇಳಿದವರು ಯಾರು, ಅವರಿಗೆ ಏನು ಬೇಕಾಗಿದೆ ಅಂತ ಎರಡು ಮೂರು ಪದ: 'ಆಕಾಂಕ್ಷಿ', 'ಆಕಾಂಕ್ಷಿಯ ಭಾವ', 'ಏನೂ ಬೇಡ, ರೈತ'. ಮೊದಲು ಕಚೇರಿಯಲ್ಲಿ ಇದಕ್ಕೆ ವಿರೋಧ ಬಂತು. ಹಾಳೆ ಸೋರಿಕೆಯಾದರೆ ಮರ್ಯಾದೆ ಹೋಗುತ್ತದೆ ಅಂದರು. ಅದೂ ನಿಜವೇ. ಅದಕ್ಕೆ ಆ ಕಾಲಂ ಪ್ರಿಂಟ್ ಮಾಡುವುದನ್ನು ಬಿಟ್ಟೆ, ನನ್ನ ಪುಸ್ತಕದಲ್ಲಿ ಮಾತ್ರ ಬರೆದಿಟ್ಟುಕೊಳ್ಳುತ್ತಿದ್ದೆ. ಆಮೇಲಾಮೇಲೆ ದೆಹಲಿಯ ಆಪ್ತ ಸಹಾಯಕರು ಸಭೆಯ ಹಿಂದಿನ ರಾತ್ರಿ ಫೋನ್ ಮಾಡಿ, ಬೇರೆ ಏನೂ ಬೇಡ, ಆ ಕಾಲಂ ಓದಿ ಅನ್ನುತ್ತಿದ್ದರು.