ಕೇ, ಯೂರಿ ಮತ್ತು ನಾವಿಬ್ಬರು

ಇವತ್ತು ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಕೂತಿದ್ದೆವು. ಚಿಕ್ಕಮ್ಮನ ಮಗಳು ಬ್ಯಾಗಿನಿಂದ ಹಳೇ ಕಾಮಿಕ್ಸ್ ಒಂದನ್ನು ತೆಗೆದು, "ಅಕ್ಕಾ, ಇದನ್ನ ನೀನು ಓದಲೇಬೇಕು" ಅಂದಳು. 'ಡರ್ಟಿ ಪೇರ್'. ಜಪಾನಿನ ಹರುಕಾ ತಕಚಿಹೋ ಸೃಷ್ಟಿಸಿದ ಇಬ್ಬರು ಹುಡುಗಿಯರನ್ನು ಇಟ್ಟುಕೊಂಡು 1988ರಲ್ಲಿ ಅಮೆರಿಕದಲ್ಲಿ ಶುರುವಾದ ಕಾಮಿಕ್ಸ್ ಇದು. ಇಡ್ಲಿ ಮೇಲಿನ ಬೆಣ್ಣೆ ಕರಗಿ ತಟ್ಟೆಯ ಅಂಚಿಗೆ ಹರಿಯುತ್ತಿತ್ತು. ನಾವು ಪುಟ ತಿರುಗಿಸುತ್ತಲೇ ಇದ್ದೆವು.

ಇಬ್ಬರಲ್ಲಿ ಕೇ ಅನ್ನೋಳಿಗೆ ಕೆಂಚು ಕೂದಲು, ಸಿಡುಕು ಸ್ವಭಾವ. ಯೂರಿಗೆ ಉದ್ದನೆ ಕಪ್ಪು ಕೂದಲು. ಗ್ರಹದಿಂದ ಗ್ರಹಕ್ಕೆ ಹೋಗಿ ಕಷ್ಟ ಬಗೆಹರಿಸೋದು ಇವರ ಕೆಲಸ. ಅಧಿಕೃತವಾಗಿ ಇವರ ಜೋಡಿಯ ಹೆಸರು 'ಲವ್ಲಿ ಏಂಜೆಲ್ಸ್'. ಜನ ಮಾತ್ರ 'ಡರ್ಟಿ ಪೇರ್' ಅಂತಲೇ ಕರೀತಾರೆ, ಯಾಕೆಂದರೆ ಕೆಲಸ ಮುಗಿಯೋ ಹೊತ್ತಿಗೆ ಸುತ್ತಮುತ್ತ ಏನೂ ಉಳಿದಿರಲ್ಲ! ಆ ಹೆಸರು ಕೇಳಿದರೆ ಇಬ್ಬರಿಗೂ ಮೈಯೆಲ್ಲ ಉರಿ.

ನನಗೆ ಹಿಡಿಸಿದ್ದು ಅವರ ಜಗಳ. ಗುಂಡಿನ ಮಳೆ ನಡುವೆಯೂ ಒಬ್ಬರನ್ನೊಬ್ಬರು ಬೈತಾರೆ, ಆದರೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ತಾರೆ. ಚಿಕ್ಕವಳಿದ್ದಾಗ ನಾನು ಓದಿದ ಕಥೆಗಳಲ್ಲಿ ಹುಡುಗಿ ಅಂದ್ರೆ ಕಾಯೋಳು, ಇಲ್ಲ ಅಳೋಳು. ಎಡವಟ್ಟು ಮಾಡಿ, ಮತ್ತೆ ಎದ್ದು ಓಡೋ ಹುಡುಗಿ ಸಿಗಲೇ ಇಲ್ಲ. ಚಿಕ್ಕಮ್ಮನ ಮಗಳಿಗೆ ಹದಿನಾರಕ್ಕೇ ಸಿಕ್ಕಿದ್ದಾಳೆ, ಅದೂ ಇಬ್ಬರು. ತುಂಬಾ ಖುಷಿಯಾಯ್ತು.

ಬಸ್ ಬಂತು. ಪುಸ್ತಕ ಈಗ ನನ್ನ ಹತ್ತಿರ ಇದೆ. ಮುಂದಿನ ಭಾನುವಾರ ವಾಪಸ್ ಕೊಡಬೇಕಂತೆ.