ದೊಡ್ಡಮ್ಮನ ಸೊನ್ನೆ

ಹಾಸನಾಂಬೆಯ ಬಾಗಿಲು ತೆಗೆದ ವಾರ ಹಾಸನದಲ್ಲಿ ಬೇರೆ ಕೆಲಸಕ್ಕೆ ಹೊರಡಬಾರದು. ಎಲ್ಲಿ ನೋಡಿದರೂ ಬ್ಯಾರಿಕೇಡ್, ಬಸ್ಸು, ಜನ. ಆದರೂ ಈ ವಾರವೇ ದೊಡ್ಡಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಿನ ಆರಿಸಿದ್ದು ಅವರೇ. ಆಲೂರು ಕಡೆಯಿಂದ ಬರುವ ಪರಿಚಯದ ಹೆಂಗಸರೆಲ್ಲ ದೇವಸ್ಥಾನದ ಸಾಲಲ್ಲಿ ನಿಂತಿರುತ್ತಾರೆ, ಆಸ್ಪತ್ರೆಯಲ್ಲಿ ಯಾರೂ ಸಿಗಲ್ಲ ಅನ್ನುವ ಲೆಕ್ಕ. ದೊಡ್ಡಪ್ಪನಿಗೆ ಹೇಳಿದ್ದು ಮಂಡಿ ನೋವು ಅಂತ.

ಕೌಂಟರಿನಲ್ಲಿ ಕೂತಿದ್ದವನು ಗಾಜಿನ ಆ ಕಡೆಯಿಂದ "ಏನ್ ಪ್ರಾಬ್ಲಮ್ಮು?" ಅಂತ ಕೂಗಿದ. ಹಿಂದೆ ಹತ್ತಾರು ಜನ. ದೊಡ್ಡಮ್ಮ ಅವನಿಗೂ "ಮಂಡಿ ನೋವು" ಅಂದುಬಿಟ್ಟರು. ನಾನು ಮುಂದೆ ಬಗ್ಗಿ "ಲೇಡಿ ಡಾಕ್ಟರ್‌ಗೆ ಬರೀರಿ" ಅಂದೆ. ಅವನು ನಮ್ಮಿಬ್ಬರ ಮುಖ ನೋಡಿ, ಇನ್ನೂ ಜೋರಾಗಿ, "ಮಂಡಿಗಾ, ಲೇಡಿಗಾ?" ಅಂದ. ಇಂಥವರನ್ನು ಕೌಂಟರಿಗೆ ಯಾಕೆ ಕೂರಿಸುತ್ತಾರೋ.

ಡಾಕ್ಟರು ಚುರುಕು. ಮಲಗಿಸಿದರು, ಕೆಮ್ಮಲು ಹೇಳಿದರು, ನೋಡಿದರು. ಗರ್ಭಕೋಶ ಸ್ವಲ್ಪ ಇಳಿದಿದೆ, ಈಗ ಆಪರೇಷನ್ ಏನೂ ಬೇಡ, ಮೊದಲು ವ್ಯಾಯಾಮ ಮಾಡಿ ಅಂದರು. ಪಕ್ಕದ ಕೋಣೆಯ ಫಿಸಿಯೋ ಹತ್ತಿರ ಕಳಿಸಿದರು. ಫಿಸಿಯೋ ಅಂದರೆ ಚಿಕ್ಕ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮೊದಲು ಬಾಗಿಲು ಹಾಕಿದಳು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಒಂದು ಫಾರ್ಮ್ ತೆಗೆದು ಕೇಳುತ್ತಾ ಹೋದಳು.

ಮೂತ್ರ ಎಷ್ಟು ಸಲ ಸೋರುತ್ತೆ? ವಾರಕ್ಕೊಮ್ಮೆಯೋ, ದಿನಕ್ಕೊಮ್ಮೆಯೋ, ದಿನಕ್ಕೆ ಹಲವು ಸಲವೋ? ದೊಡ್ಡಮ್ಮ ಗೋಡೆ ನೋಡುತ್ತಾ "ದಿನಕ್ಕೆ ಸುಮಾರು ಸಲ" ಅಂದರು. ಅದಕ್ಕೆ 4 ಅಂಕ. ಎಷ್ಟು ಸೋರುತ್ತೆ? "ಸ್ವಲ್ಪ." ಅದಕ್ಕೆ 2. ಆಮೇಲೆ ಬಂತು ಮೂರನೆಯದು.

"ಇದರಿಂದ ನಿಮ್ಮ ದಿನದ ಬದುಕಿಗೆ ಒಟ್ಟಾರೆ ಎಷ್ಟು ತೊಂದರೆ ಆಗ್ತಿದೆ ಅಮ್ಮ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ. ಸೊನ್ನೆ ಅಂದ್ರೆ ಏನೂ ಇಲ್ಲ, ಹತ್ತು ಅಂದ್ರೆ ತುಂಬಾ."

"ಏನೂ ಇಲ್ಲ ಕಣವ್ವ. ಸೊನ್ನೆ ಹಾಕ್ಕೊ."

ಅವಳು ಸೊನ್ನೆಗೆ ಗುರುತು ಹಾಕಿದಳು.

ಕೊನೆಯ ಪ್ರಶ್ನೆಗೆ ಅಂಕ ಇಲ್ಲ. ಯಾವಾಗ ಸೋರುತ್ತೆ ಅಂತ ಗುರುತು ಮಾಡುವುದಷ್ಟೇ. ಟಾಯ್ಲೆಟ್ಟಿಗೆ ಹೋಗುವಷ್ಟರಲ್ಲಾ, ಕೆಮ್ಮಿದಾಗ ಸೀನಿದಾಗಲಾ, ನಿದ್ದೆಯಲ್ಲಾ, ಮೈ ಬಗ್ಗಿಸಿ ಕೆಲಸ ಮಾಡುವಾಗಲಾ. ಹುಡುಗಿ ಜಾಣೆ. ಬಿಂದಿಗೆ ಎತ್ತುವಾಗ, ಶುಂಠಿ ಹೊಲದಲ್ಲಿ ಕೂತು ಏಳುವಾಗ ಅಂತೆಲ್ಲ ಬಿಡಿಸಿ ಕೇಳಿದಳು. ಮೊದಲ ಎರಡಕ್ಕೂ, ಕೆಲಸ ಮಾಡುವಾಗ ಅನ್ನುವುದಕ್ಕೂ ದೊಡ್ಡಮ್ಮ ಹೂಂ ಅಂದರು. ಅಂದರೆ ಕೆಮ್ಮಿದಾಗ ಸೋರುವುದು, ಅವಸರ ತಡೆಯಲು ಆಗದೇ ಸೋರುವುದು, ಎರಡೂ ಇದೆ.

ಇಷ್ಟಾದ ಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ ಹುಡುಗಿ ಸುಮ್ನೆ ಮಾತಿಗೆ ಕೇಳಿದಳು. "ದೇವಿ ದರ್ಶನ ಆಯ್ತಾ ಅಮ್ಮ ಈ ಸಲ?"

"ಎಲ್ಲಿ ಆಗುತ್ತವ್ವ? ಅಷ್ಟೊತ್ತು ಸಾಲಲ್ಲಿ ನಿಂತ್ಕೊಳ್ಳೋಕೆ ಆಗುತ್ತಾ? ಬಿಟ್ಟೇ ವರ್ಷಗಳಾದ್ವು."

ಹುಡುಗಿ ನನ್ನ ಕಡೆ ನೋಡಿದಳು. ನಾನು ಫಾರ್ಮಿನ ಕಡೆ ನೋಡಿದೆ.

ಹಾಸನದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಂದೇ ಸಲ, ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚಿತು. ನಡುವೆ ಇರುವ ಕೆಲವೇ ದಿನಕ್ಕೆ ರಾಜ್ಯದ ಜನವೆಲ್ಲ ಬಂದು ಗಂಟೆಗಟ್ಟಲೆ ನಿಲ್ಲುತ್ತಾರೆ. ದೊಡ್ಡಮ್ಮ ಮದುವೆಯಾಗಿ ಬಂದ ವರ್ಷದಿಂದ ತಪ್ಪಿಸಿದವರಲ್ಲ. ಆಮೇಲೆ ಯಾವಾಗಲೋ ಹೋಗುವುದು ನಿಂತಿತು. "ಈ ಜನದಲ್ಲಿ ಯಾರು ಸಾಯ್ತಾರೆ, ಮನೇಲೇ ಕೈ ಮುಗಿದ್ರೆ ಆಯ್ತು" ಅನ್ನುತ್ತಿದ್ದರು. ವಯಸ್ಸಾಯಿತು ಅಂತ ಎಲ್ಲರೂ ಸುಮ್ಮನಾದೆವು.

ಮನೆಗೆ ಬಂದು ಕೂತ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ನೆನಪಾಯಿತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದಾಗ ಅವರ ಊರಿನ ಹೆಂಗಸರು ಗುಂಪು ಕಟ್ಟಿಕೊಂಡು ಧರ್ಮಸ್ಥಳಕ್ಕೆ ಹೊರಟರು. ದೊಡ್ಡಮ್ಮ ಹೋಗಲಿಲ್ಲ. ಶಿರಾಡಿ ಘಾಟಿಯಲ್ಲಿ ವಾಂತಿ ಬರುತ್ತೆ ಅಂದರು. ಅವರು ಯಾವತ್ತೂ ಬಸ್ಸಲ್ಲಿ ವಾಂತಿ ಮಾಡಿದ್ದನ್ನು ನಾನು ನೋಡಿಲ್ಲ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಬಸ್ಸು ಎಷ್ಟು ಹೊತ್ತು ನಿಲ್ಲುತ್ತೆ ಅನ್ನುವುದು ಗೊತ್ತಿದ್ದವರಿಗೆ ವಾಂತಿಯ ಮಾತು ಅರ್ಥವಾಗುತ್ತೆ. ಮದುವೆಗೆ ಬಂದರೆ ಕೊನೆಯ ಸಾಲು, ಬಾಗಿಲ ಪಕ್ಕದ ಕುರ್ಚಿ. ಯಾವಾಗಲೂ ಕಡು ಬಣ್ಣದ ಸೀರೆ. ಹೊರಡುವ ದಿನ ಬೆಳಗಿನಿಂದ ನೀರು ಕುಡಿಯಲ್ಲ. ನಮ್ಮ ಮನೆಗೆ ಬಂದರೆ ರಾತ್ರಿ ಉಳಿಯಲ್ಲ, ಎಷ್ಟೊತ್ತಾದರೂ ಊರಿಗೆ ಹೊರಟುಬಿಡುತ್ತಾರೆ. "ನಿಮ್ಮ ದೊಡ್ಡಮ್ಮನಿಗೆ ನಮ್ಮ ಹಾಸಿಗೆ ಆಗಿಬರಲ್ಲ" ಅಂತ ನಮ್ಮತ್ತೆ ಮೂತಿ ತಿರುವುತ್ತಿದ್ದರು. ಅತ್ತೆಯ ಮಾತು ಅರ್ಧ ನಿಜ. ವಿಷಯ ಹಾಸಿಗೆಯದ್ದೇ.

ಇಷ್ಟನ್ನೆಲ್ಲ ಬಿಟ್ಟುಕೊಟ್ಟ ಮೇಲೆ ಒಬ್ಬರನ್ನು ಕೂರಿಸಿಕೊಂಡು ದಿನದ ಬದುಕಿಗೆ ತೊಂದರೆ ಎಷ್ಟು ಅಂತ ಕೇಳಿದರೆ ಏನು ಹೇಳುತ್ತಾರೆ? ಬಟ್ಟೆಗೆ ಹಿಡಿ ಹಾಕುವ ಹಾಗೆ ಬದುಕನ್ನೇ ಹೊಲಿದು ಚಿಕ್ಕದು ಮಾಡಿಕೊಂಡಾಗಿದೆ. ಈಗ ಅದು ಅಳತೆಗೆ ಸರಿಯಾಗಿದೆ. ಎಲ್ಲೂ ಬಿಗಿಯಲ್ಲ.

ಅವತ್ತು ರಾತ್ರಿ ಆ ಫಾರ್ಮಿನ ಬಗ್ಗೆ ಓದಿದೆ. ಹೆಸರು ಐಸಿಐಕ್ಯೂ, ಅದರ ಚಿಕ್ಕ ಆವೃತ್ತಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಾಗಿ 2004ರಲ್ಲಿ ಹೊರಬಂದದ್ದು. ಕಳೆದ ನಾಲ್ಕು ವಾರದ ಬಗ್ಗೆ ಕೇಳುತ್ತೆ. ಒಟ್ಟು 21 ಅಂಕ. ಎಷ್ಟು ಸಲ ಅನ್ನುವುದಕ್ಕೆ ಹೆಚ್ಚೆಂದರೆ 5, ಎಷ್ಟು ಪ್ರಮಾಣ ಅನ್ನುವುದಕ್ಕೆ 6, ತೊಂದರೆ ಎಷ್ಟು ಅನ್ನುವುದಕ್ಕೆ 10. ಅಂದರೆ ಹತ್ತಿರ ಹತ್ತಿರ ಅರ್ಧ ಅಂಕ ಆ ಒಂದೇ ಪ್ರಶ್ನೆಯಲ್ಲಿದೆ. 1ರಿಂದ 5 ಬಂದರೆ ಅಲ್ಪ, 6ರಿಂದ 12 ಮಧ್ಯಮ, 13ರಿಂದ 18 ತೀವ್ರ, ಅದರ ಮೇಲೆ ಅತಿ ತೀವ್ರ ಅಂತ ವಿಂಗಡಿಸುತ್ತಾರೆ. ದೊಡ್ಡಮ್ಮನದು 4, 2, 0. ಒಟ್ಟು 6. ಮಧ್ಯಮದ ಮೊದಲ ಮೆಟ್ಟಿಲು. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಹಾಕಿದ್ದು 8. ಆಗ ಒಟ್ಟು 14, ತೀವ್ರ.

ಆಸ್ಪತ್ರೆಯಲ್ಲೇ ಹುಡುಗಿಗೆ ಹೇಳಿದ್ದೆ. "ಅದನ್ನ ತಿದ್ದಿ, ಇವರು ಸುಮ್ನೆ ಹೇಳ್ತಿದ್ದಾರೆ" ಅಂತ. ಅವಳು ಒಪ್ಪಲಿಲ್ಲ. "ಇಲ್ಲ ಮೇಡಂ. ಅವರು ಹೇಳಿದ್ದನ್ನೇ ಬರೀಬೇಕು. ನೀವೂ ಹೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ." ಆಗ ಸಿಟ್ಟು ಬಂತು. ಯೋಚನೆ ಮಾಡಿದರೆ ಹುಡುಗಿಯ ಮಾತೇ ಸರಿ. ಇಂಥ ಫಾರ್ಮುಗಳು ಹುಟ್ಟಿದ್ದೇ ರೋಗಿಯ ಪರವಾಗಿ ಡಾಕ್ಟರು, ಗಂಡ, ಮಗಳು ಉತ್ತರ ಕೊಡಬಾರದು ಅಂತ. ದೊಡ್ಡಮ್ಮನ ಪರವಾಗಿ ಎಲ್ಲರೂ ಮಾತಾಡಿದ್ದೇ ಆಗಿದೆ. ನಾನೂ ಒಂದು ನಂಬರ್ ಸೇರಿಸಿದರೆ ಅದು ಅವರದ್ದು ಹೇಗಾಗುತ್ತೆ? ಆದರೆ ಸೊನ್ನೆಯನ್ನು ಹಾಗೇ ಬಿಡೋಕೂ ಮನಸ್ಸು ಒಪ್ಪುತ್ತಿಲ್ಲ. ನಾನಿನ್ನೂ ಎರಡರ ನಡುವೆ ಇದ್ದೇನೆ.

"ಏನೂ ಇಲ್ಲ ಕಣವ್ವ. ಸೊನ್ನೆ ಹಾಕ್ಕೊ." ಅವರು ಅದನ್ನು ಹೇಳಿದ ರೀತಿ ಬೇರೆ ಕಣ್ಣಿಗೆ ಕಟ್ಟಿದೆ. ಅಂಗಡಿಯವನು ಚಿಲ್ಲರೆ ಇಲ್ಲ ಅಂದಾಗ ಬಿಡಪ್ಪ ಅನ್ನುತ್ತಾರಲ್ಲ, ಹಾಗೆ. ಆಟೋದಲ್ಲಿ ಕೇಳಿದೆ, ಯಾಕೆ ಹಾಗಂದ್ರಿ ಅಂತ. "ಇನ್ನೇನು? ನನ್ನಿಂದ ಯಾರಿಗೆ ಏನು ತೊಂದ್ರೆ ಆಗಿದೆ? ಅಡುಗೆ ನಿಂತಿದ್ಯಾ, ಹಾಲು ಕರಿಯೋದು ನಿಂತಿದ್ಯಾ?" ಅಂದರು.

ಆ ಹುಡುಗಿ ಇನ್ನೊಂದು ಫಾರ್ಮನ್ನೂ ತುಂಬಿಸಿಕೊಂಡಳು. ಅದರಲ್ಲಿ 20 ಪ್ರಶ್ನೆ. ಕೆಳಗೆ ಏನೋ ಜಾರಿದ ಹಾಗೆ ಅನಿಸುತ್ತಾ, ಕೈಗೆ ತಗಲುತ್ತಾ, ಮಲವಿಸರ್ಜನೆಗೆ ತಿಣುಕಬೇಕಾ, ಗಾಳಿ ತಡೆಯೋಕೆ ಆಗಲ್ವಾ. ಹೌದು ಅಂದರೆ ಅದರಿಂದ ಎಷ್ಟು ಕಿರಿಕಿರಿ ಅಂತ ಮತ್ತೆ ಕೇಳಬೇಕು. ದೊಡ್ಡಮ್ಮ ಹೌದು ಅಂದದ್ದಕ್ಕೆಲ್ಲ ಕಿರಿಕಿರಿ "ಇಲ್ಲ" ಅಂದರು. ಹುಡುಗಿ ಮುಖ ನೋಡಿ ಪಾಪ ಅನಿಸಿತು.

ಎಲ್ಲ ಫಾರ್ಮೂ ಹೀಗಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಿಂದ 1997ರಲ್ಲಿ ಬಂದ ಒಂದು ಪ್ರಶ್ನಾವಳಿ ಇದೆ. ಅದು ಪ್ರಯಾಣಕ್ಕೆ ಅಡ್ಡಿ ಆಗುತ್ತಾ, ಸ್ನೇಹಿತರ ಮನೆಗೆ ಹೋಗೋಕೆ ಅಡ್ಡಿ ಆಗುತ್ತಾ ಅಂತ ಬೇರೆ ಬೇರೆ ಕೇಳುತ್ತೆ. ಪ್ಯಾಡ್ ಇಟ್ಟುಕೊಳ್ತೀರಾ, ನೀರು ಲೆಕ್ಕ ಹಾಕಿ ಕುಡೀತೀರಾ, ಒಳಬಟ್ಟೆ ಬದಲಾಯಿಸ್ತೀರಾ, ವಾಸನೆ ಬರುತ್ತೇನೋ ಅಂತ ಹೆದರ್ತೀರಾ ಅಂತಲೂ ಕೇಳುತ್ತೆ. ಇದನ್ನು ದೊಡ್ಡಮ್ಮನಿಗೆ ಕೇಳಿದ್ದರೆ ಹಿತ್ತಿಲಲ್ಲಿ, ಬೇರೆ ಬಟ್ಟೆಗಳ ಅಡಿಯಲ್ಲಿ ಒಣಗುವ ಹಳೇ ಪಂಚೆಯ ಚೂರುಗಳ ವಿಷಯ ಹೊರಗೆ ಬರುತ್ತಿತ್ತು. ಆದರೆ ಉದ್ದದ ಫಾರ್ಮ್ ತುಂಬಿಸಲು ಹೊತ್ತು ಬೇಕು. ಆ ಕೋಣೆಯ ಹೊರಗೆ ಬೆಂಚಿನಲ್ಲಿ ಆಗಲೇ ಏಳೆಂಟು ಜನ ಕಾಯುತ್ತಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ದೊಡ್ಡಪ್ಪನಿಗೂ ರಾತ್ರಿ ಮೂರ್ನಾಲ್ಕು ಸಲ ಏಳುವ ತೊಂದರೆ ಇದೆ, ಪ್ರಾಸ್ಟೇಟ್. ಗಂಡಸರಿಗೂ ಫಾರ್ಮ್ ಇದೆ, ಏಳು ಪ್ರಶ್ನೆ, 35 ಅಂಕ. ದೊಡ್ಡಪ್ಪ ತನ್ನ ಅಂಕವನ್ನು ಡೇರಿ ಮುಂದೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದ್ದಾರೆ. ಯಾರ ಮಾತ್ರೆ ಒಳ್ಳೇದು ಅಂತ ಅಲ್ಲೇ ಚರ್ಚೆ ಬೇರೆ. ಅದೇ ಮನೆಯಲ್ಲಿ, ಅದೇ ವಯಸ್ಸಿನಲ್ಲಿ, ಅದೇ ಮೂತ್ರದ ತೊಂದರೆಗೆ ಹೆಂಡತಿ ಮಂಡಿ ನೋವು ಅನ್ನಬೇಕು.

ಚಿಕಿತ್ಸೆ ಅಂತ ಕೊಟ್ಟಿದ್ದು ತೀರಾ ಸರಳ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವುದು. ಒಂದು ಸಲಕ್ಕೆ 8, ದಿನಕ್ಕೆ 3 ಹೊತ್ತು, ಕಡಿಮೆ ಅಂದರೆ 3 ತಿಂಗಳು. 1948ರಲ್ಲಿ ಆರ್ನಾಲ್ಡ್ ಕೆಗಲ್ ಅನ್ನುವ ಅಮೆರಿಕದ ಡಾಕ್ಟರು ಇದನ್ನು ಬರೆದಿಟ್ಟರು. ಮೂತ್ರ ಮಾಡುವಾಗಲೇ ತಡೆದು ಅಭ್ಯಾಸ ಮಾಡಬೇಡಿ ಅಂತ ಹುಡುಗಿ ಒತ್ತಿ ಹೇಳಿದಳು. ನೀರು ಕಡಿಮೆ ಮಾಡಬೇಡಿ ಅಂದಳು. ಕಡಿಮೆ ಕುಡಿದರೆ ಮೂತ್ರ ಗಾಢವಾಗಿ ಮೂತ್ರಕೋಶ ಇನ್ನೂ ಕೆರಳುತ್ತೆ, ಮೇಲೆ ಮಲಬದ್ಧತೆ. ಇಷ್ಟು ವರ್ಷ ಅವರು ಮಾಡಿಕೊಂಡ ಉಪಾಯ ತಿರುಗಿ ಅವರನ್ನೇ ಕಾಡಿದೆ ಅನ್ನಿ. ಕಾಫಿ ಕಡಿಮೆ ಮಾಡಿ ಅಂದಾಗ ಮಾತ್ರ ದೊಡ್ಡಮ್ಮ ಮೊದಲ ಸಲ ತಲೆ ಎತ್ತಿ ನೇರವಾಗಿ ನೋಡಿದರು. ಮನೆ ಹಿಂದೆ ಕಾಫಿ ಗಿಡ ಇಟ್ಟುಕೊಂಡವರಿಗೆ ಹೇಳುವ ಮಾತಾ ಇದು? "ಚಿಕೋರಿ ಜಾಸ್ತಿ ಹಾಕ್ಕೊತೀನಿ" ಅಂತ ರಾಜಿಗೆ ಬಂದರು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ರಾಜಿ ಪರವಾಗಿಲ್ಲ.

ಹೊರಡುವಾಗ ಹುಡುಗಿ ದೊಡ್ಡಮ್ಮನನ್ನು ಇನ್ನೆರಡು ಮಾತು ಕೇಳಿ, ಸೊನ್ನೆಯನ್ನು ಮುಟ್ಟದೇ, ಫಾರ್ಮ್ ತಿರುಗಿಸಿ ಹಿಂದೆ ಬರೆದುಕೊಂಡಳು. ಹಾಸನಾಂಬೆ ಸಾಲು, ಇಲ್ಲ. ದೂರದ ಬಸ್ಸು, ಇಲ್ಲ. ಮಗಳ ಮನೆಯಲ್ಲಿ ರಾತ್ರಿ, ಇಲ್ಲ. ಮೂರು ತಿಂಗಳಾದ ಮೇಲೆ ಇದನ್ನೂ ಕೇಳ್ತೀನಿ ಅಂದಳು. ಅದಕ್ಕೆ ಅಂಕ ಇಲ್ಲ, ಯಾವ ಕಂಪ್ಯೂಟರಿಗೂ ಹೋಗಲ್ಲ. ನನಗೆ ಇನ್ನೊಂದು ಯೋಚನೆ. ದೊಡ್ಡಮ್ಮ ಸ್ವಲ್ಪ ಸುಧಾರಿಸಿ, ಧೈರ್ಯ ಬಂದು, ಮೈಸೂರಿನ ಮಗಳ ಮನೆಗೆ ಹೋಗಿ ಒಂದು ರಾತ್ರಿ ಇದ್ದರು ಅನ್ನಿ. ಅಲ್ಲಿ ಅವಸರ ಆಗಿ ಸ್ವಲ್ಪ ಒದ್ದೆಯಾಯಿತು ಅನ್ನಿ. ಆಗ ತೊಂದರೆ ಎಷ್ಟು ಅಂತ ಕೇಳಿದರೆ ಮೂರೋ ನಾಲ್ಕೋ ಅನ್ನುತ್ತಾರೆ. ಫಾರ್ಮಿನ ಲೆಕ್ಕದಲ್ಲಿ ಅವರಿಗೆ ಕಾಯಿಲೆ ಜಾಸ್ತಿ ಆಯಿತು!

ಮೂರು ದಿನ ಎಷ್ಟು ಕುಡಿದಿರಿ, ಎಷ್ಟು ಹೋಯಿತು ಅಂತ ಬರೆದಿಡಲು ಒಂದು ಚೀಟಿ, ಅಳೆಯಲು ಗೆರೆ ಇರುವ ಪ್ಲಾಸ್ಟಿಕ್ ಮಗ್ಗು ಕೊಟ್ಟು ಕಳಿಸಿದ್ದರು. ನಿನ್ನೆ ಫೋನ್ ಮಾಡಿದೆ. ಮಗ್ಗು ಬಚ್ಚಲಲ್ಲಿ ಕಂಡು ದೊಡ್ಡಪ್ಪ ಕೇಳಿದರಂತೆ, ಮಂಡಿ ನೋವಿಗೆ ಇದೇನು ಅಂತ. "ಕಾಲಿಗೆ ಬಿಸಿನೀರು ಅಳತೆ ಮಾಡಿ ಹಾಕೋಕೆ" ಅಂದರಂತೆ. ಬರೆಯುತ್ತಿದ್ದಾರೆ, ಅದು ದೊಡ್ಡದು. ಫೋನ್ ಇಡುವ ಮೊದಲು ಅವರೇ ಕೇಳಿದರು.

"ಆ ಹುಡುಗಿ ಮತ್ತೆ ಆ ನಂಬರ್ ಕೇಳ್ತಾಳೆ ಅಲ್ವಾ?"

"ಕೇಳ್ತಾರೆ ದೊಡ್ಡಮ್ಮ. ನಿಮಗೆ ಎಷ್ಟು ಅನ್ಸುತ್ತೋ ಅಷ್ಟು ಹೇಳಿ."

ಸ್ವಲ್ಪ ಹೊತ್ತು ಮಾತಿಲ್ಲ. "ನಾಲ್ಕು ಅಂತೀನಿ. ಅದಕ್ಕಿಂತ ಜಾಸ್ತಿ ಅಂದ್ರೆ ಗರ್ಭಕೋಶ ತೆಗೀತೀವಿ ಅಂತಾರೆ. ನಮ್ಮ ನಾದಿನಿಗೆ ಹಂಗೇ ಮಾಡಿದ್ದು."

ಡಾಕ್ಟರು ಆಪರೇಷನ್ ಬೇಡ ಅಂದಿದ್ದಾರಲ್ಲ ಅಂದೆ.

"ಈಗ ಬೇಡ ಅಂದವ್ರೆ ಕಣೆ. ನಾನು ಸೊನ್ನೆ ಅಂದಿದ್ದಕ್ಕೆ."