ಪಾಸ್ ಕೊಟ್ಟವಳ ಹೆಸರು ಎಲ್ಲಿ ಬರೀತೀರಿ?

ಕಾಲೇಜು ಬ್ಯಾಸ್ಕೆಟ್‌ಬಾಲ್ ಮ್ಯಾಚ್ ಮುಗಿದ ಮೇಲೆ ಸ್ಕೋರ್‌ಶೀಟನ್ನು ಒಮ್ಮೆ ಕೈಗೆ ತಗೊಂಡು ನೋಡಿ. ಯಾರು ಎಷ್ಟು ಪಾಯಿಂಟ್ ಹಾಕಿದರು, ಯಾರದು ಎಷ್ಟು ಫೌಲ್, ಟೈಮ್‌ಔಟ್ ಯಾವಾಗ ಕೇಳಿದರು, ಎಲ್ಲಾ ಇರುತ್ತದೆ. ಅಸಿಸ್ಟ್‌ಗೆ, ಅಂದರೆ ಬಾಸ್ಕೆಟ್ ಆಗುವಂತೆ ಕೊಟ್ಟ ಪಾಸ್‌ಗೆ ಮಾತ್ರ ಒಂದು ಕಾಲಂ ಕೂಡ ಇಲ್ಲ. ಇದು ನಮ್ಮ ಕಲಬುರಗಿಯವರ ತಪ್ಪಲ್ಲ, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಅಧಿಕೃತ ಶೀಟೇ ಹಾಗಿದೆ. ದೊಡ್ಡ ಟೂರ್ನಿಗಳಲ್ಲಿ ಅದನ್ನೆಲ್ಲ ಲೆಕ್ಕ ಇಡೋಕೆ ಬೇರೆ ಜನ ಇರುತ್ತಾರೆ. ನಮ್ಮ ಇಂಟರ್‌ಕಾಲೇಜು ಮ್ಯಾಚಿನಲ್ಲಿ ಯಾರಿರುತ್ತಾರೆ? ಇಬ್ಬರು ಡಿಫೆಂಡರ್‌ಗಳ ನಡುವಿನ ಸಣ್ಣ ಸಂದಿಯಲ್ಲಿ ಬೌನ್ಸ್ ಪಾಸ್ ತೂರಿಸಿದವಳ ಹೆಸರು ಎಲ್ಲೂ ಉಳಿಯುವುದಿಲ್ಲ.

ನಾನು ಬೆಳಿಗ್ಗೆ ಹೊತ್ತು ಇಲ್ಲಿನ ಕಾಲೇಜು ಹುಡುಗಿಯರಿಗೆ ಪ್ರಾಕ್ಟೀಸ್ ಮಾಡಿಸುತ್ತೇನೆ. ಬೇಸಿಗೆಯಲ್ಲಿ ಎಂಟು ಗಂಟೆಗೆಲ್ಲ ಸಿಮೆಂಟ್ ಕೋರ್ಟ್ ಕಾದು ಬಿಡುತ್ತದೆ, ಹಾಗಾಗಿ ಸಮಯ ಕಮ್ಮಿ. ಆ ಕಮ್ಮಿ ಸಮಯದಲ್ಲೂ ಒಂದು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ: ಬಾಸ್ಕೆಟ್ ಹಾಕಿದವಳು ತಿರುಗಿ, ಪಾಸ್ ಕೊಟ್ಟವಳ ಕಡೆ ಕೈ ತೋರಿಸಲೇಬೇಕು.

ಇದು ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕೋಚ್ ಡೀನ್ ಸ್ಮಿತ್ ಬೆಳೆಸಿದ ಪದ್ಧತಿ. ಅವರು 1961ರಿಂದ 1997ರವರೆಗೆ ಅಲ್ಲೇ ಕೋಚ್ ಆಗಿದ್ದರು, 879 ಮ್ಯಾಚ್ ಗೆಲ್ಲಿಸಿದರು. ಪಾಸ್ ಕೊಟ್ಟವನಿಗೆ ಕಣ್ಣು ಮಿಟುಕಿಸಿಯೋ ತಲೆಯಾಡಿಸಿಯೋ ಗುರುತು ತೋರಿಸಿ ಅಂತ ಇನ್ನೊಂದು ಅಮೆರಿಕನ್ ವಿಶ್ವವಿದ್ಯಾಲಯ ಯುಸಿಎಲ್‌ಎಯ ಕೋಚ್ ಜಾನ್ ವುಡನ್ ಹೇಳುತ್ತಿದ್ದರು. ಸ್ಮಿತ್ ಅದನ್ನು ಇಡೀ ಸ್ಟೇಡಿಯಂಗೆ ಕಾಣುವ ಹಾಗೆ ಬೆರಳು ತೋರಿಸುವುದಕ್ಕೆ ತಂದರು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಮಿತ್ ಟೀಮಿನ ಬಾಬಿ ಜೋನ್ಸ್ ಮಾಡಿದ್ದು. ಜೊತೆಯಾಟಗಾರ ಜಾರ್ಜ್ ಕಾರ್ಲ್ ಒಳ್ಳೇ ಪಾಸ್ ಕೊಟ್ಟ, ಜೋನ್ಸ್ ಸುಲಭದ ಲೇಅಪ್ (ರಿಂಗ್ ಹತ್ತಿರದಿಂದಲೇ ಹಾಕುವ ಶಾಟ್) ಮಿಸ್ ಮಾಡಿದ, ಆದರೂ ಕಾರ್ಲ್ ಕಡೆ ಬೆರಳು ತೋರಿಸಿದ. ಆಮೇಲೆ ಚೆಂಡು ಒಳಗೆ ಬೀಳಲಿ ಬೀಳದಿರಲಿ, ಒಳ್ಳೇ ಪಾಸ್‌ಗೆ ಕೈ ಎತ್ತಬೇಕು ಅನ್ನೋದು ಆ ಟೀಮಿನ ರೂಢಿಯಾಯಿತು.

ಇದು ಎಷ್ಟು ನ್ಯಾಯವಾದ ಮಾತು ನೋಡಿ. ಅಸಿಸ್ಟ್ ಲೆಕ್ಕಕ್ಕೆ ಬರೋದು ಬಾಸ್ಕೆಟ್ ಆದಾಗ ಮಾತ್ರ. ಶೂಟ್ ಮಾಡಿದವಳು ತಪ್ಪಿದರೆ ಪಾಸ್ ಕೊಟ್ಟವಳ ಕೆಲಸವೂ ಸೊನ್ನೆ. ಆದರೆ ಅವಳ ಕೆಲಸದಲ್ಲಿ ಕೊರತೆ ಏನಿತ್ತು? ಏನೂ ಇರಲಿಲ್ಲ, ಅಲ್ವಾ. ಹೀಗೆ ನಾಲ್ಕೈದು ಸಲ ಯಾರೂ ಗಮನಿಸದೇ ಹೋದರೆ ಆ ಗಾರ್ಡ್ (ಚೆಂಡು ನಡೆಸಿ ಪಾಸ್ ಕೊಡುವವಳು) ಏನು ಮಾಡುತ್ತಾಳೆ ಅಂತ ನಾನು ಕಣ್ಣಾರೆ ನೋಡುತ್ತಿರುತ್ತೇನೆ: ಮೊದಲು ಅರೆಕ್ಷಣ ತಡೆದು ಪಾಸ್ ಕೊಡುತ್ತಾಳೆ, ಅಷ್ಟರಲ್ಲಿ ಸಂದಿ ಮುಚ್ಚಿಹೋಗಿರುತ್ತದೆ, ಆಮೇಲೆ ತಾನೇ ಡ್ರಿಬಲ್ ಮಾಡಿಕೊಂಡು ಮೂವರ ನಡುವೆ ನುಗ್ಗೋಕೆ ಶುರು ಮಾಡುತ್ತಾಳೆ. ಸ್ವಾರ್ಥಿ ಅಂತ ಬೈಯೋದು ಸುಲಭ. ಅವಳಿಗೆ ಸ್ವಾರ್ಥ ಕಲಿಸಿದ್ದು ಉಳಿದ ನಾಲ್ವರು.

ಈ ಅಭ್ಯಾಸ ಇಲ್ಲಿ ಬೇರೂರೋಕೆ ಒಂದು ತೊಡಕಿತ್ತು. ಫಸ್ಟ್ ಇಯರ್ ಹುಡುಗಿಯೊಬ್ಬಳು ಲೇಅಪ್ ಹಾಕಿ ಸುಮ್ನೆ ಓಡಿಬಂದಳು. ಯಾಕವ್ವಾ ಅಂತ ಕೇಳಿದರೆ, "ಸೀನಿಯರ್ ಅಕ್ಕಾಗ ಬಟ್ಟು ಮಾಡಿ ತೋರ್ಸೋದು ಹೆಂಗ್ರಿ ಅಕ್ಕಾ?" ಅಂದಳು. ಅವಳು ಹೇಳಿದ್ದು ಸರಿ. ನಮ್ಮ ಕಡೆ ದೊಡ್ಡವರಿಗೆ ಬೆರಳು ಮಾಡುವುದು ಮರ್ಯಾದೆ ಅಲ್ಲ. ಗೆಳತಿಯರ ನಡುವೆ ಥ್ಯಾಂಕ್ಸ್ ಹೇಳಿದರೂ ಪರಕೀಯರಂತೆ ಅನಿಸುತ್ತದೆ. ಹಾಗಾಗಿ ಈಗ ನಮ್ಮ ಟೀಮಿನಲ್ಲಿ ಬೆರಳಿಲ್ಲ, ಅಂಗೈ ಬಿಚ್ಚಿ ಪಾಸ್ ಕೊಟ್ಟವಳ ಕಡೆ ಎತ್ತುತ್ತೇವೆ. ಕನ್ನಡದ ಹುಡುಗಿ, ಮನೆಯಲ್ಲಿ ದಖ್ಖನಿ ಆಡುವ ಹುಡುಗಿ, ಬೀದರ್ ಕಡೆಯ ಮರಾಠಿ ಹುಡುಗಿ, ಎಲ್ಲರಿಗೂ ಅದು ಒಂದೇ ಮಾತು.

1982ರಲ್ಲಿ ಅಮೆರಿಕದ ಕಾಲೇಜು ಟೀಮುಗಳ ಎನ್‌ಸಿಎಎ ಟೂರ್ನಿಯ ಫೈನಲ್‌ನಲ್ಲಿ ಜಾರ್ಜ್‌ಟೌನ್ ವಿರುದ್ಧ ಕೊನೆಗಳಿಗೆಯಲ್ಲಿ ಬಾಸ್ಕೆಟ್ ಹಾಕಿ 63-62ರಿಂದ ಗೆಲ್ಲಿಸಿದ ಮೈಕಲ್ ಜೋರ್ಡನ್ ಎಲ್ಲರಿಗೂ ಗೊತ್ತು. ಅವನೂ ಆಗ ಫಸ್ಟ್ ಇಯರ್, ಕೋಚ್ ಇದೇ ಸ್ಮಿತ್. ಆ ಪಾಸ್ ಕೊಟ್ಟದ್ದು ಜಿಮ್ಮಿ ಬ್ಲ್ಯಾಕ್ ಅನ್ನೋ ಸೀನಿಯರ್ ಗಾರ್ಡ್. ನಮ್ಮ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವ ಹೆಸರು ಜಿಮ್ಮಿ ಬ್ಲ್ಯಾಕ್.

ಕೈ ಎತ್ತೋದು, ಹೆಗಲು ತಟ್ಟೋದು ಎಲ್ಲಾ ಬರೀ ತೋರಿಕೆ ಅನ್ನುವವರೂ ಇದ್ದಾರೆ. ಆದರೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ 2008-09ರ ಸೀಸನ್ನಿನ ಆಟಗಾರರನ್ನು ನೋಡಿ 2010ರಲ್ಲಿ ಬರೆದದ್ದು ಹೀಗಿದೆ: ಸೀಸನ್ ಶುರುವಿನಲ್ಲಿ ಒಬ್ಬರನ್ನೊಬ್ಬರು ಜಾಸ್ತಿ ತಟ್ಟಿ, ಕೈಗೆ ಕೈ ಹೊಡೆದ ಟೀಮುಗಳು ಆಮೇಲೆ ಜಾಸ್ತಿ ಹೊಂದಿಕೊಂಡು, ಚೆನ್ನಾಗಿ ಆಡಿದವು.

ಇನ್ನು ಬರೆಯುವ ವಿಷಯ. ನಾವು ಬೆಂಚಿನಲ್ಲಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದೇವೆ. ಪಾಸ್ ಬಾಸ್ಕೆಟ್ ಆದರೆ ಹೆಸರಿನ ಮುಂದೆ ಒಂದು ಗೀಟು. ಪಾಸ್ ಚೆನ್ನಾಗಿದ್ದು ಶಾಟ್ ತಪ್ಪಿದರೆ ಸೊನ್ನೆ, ಆ ಸೊನ್ನೆಗೂ ಗೀಟಿನಷ್ಟೇ ಬೆಲೆ. ಪಾಸ್‌ಗೆ ಮುಂಚಿನ ಪಾಸ್ ಕೊಟ್ಟವಳಿಗೆ, ಸ್ಕ್ರೀನ್ ನಿಂತು (ಡಿಫೆಂಡರ್‌ಗೆ ಅಡ್ಡ ನಿಂತು) ದಾರಿ ಬಿಡಿಸಿದವಳಿಗೆ ಒಂದೊಂದು ಚುಕ್ಕಿ. ಹಾಫ್‌ಟೈಮಿನಲ್ಲಿ ನಾನು ಮೊದಲು ಓದೋದು ಇದನ್ನೇ, ಪಾಯಿಂಟ್ ಆಮೇಲೆ.

ನಿಮ್ಮ ಟೀಮಿನಲ್ಲೂ ಶುರು ಮಾಡೋದಾದರೆ ಬರೆಯುವ ಕೆಲಸ ಒಬ್ಬಳಿಗೇ ಕಟ್ಟಬೇಡಿ, ಬೆಂಚಿನಲ್ಲಿದ್ದವರು ಸರದಿ ಪ್ರಕಾರ ಬರೆಯಲಿ. ಒಂದು ಮ್ಯಾಚ್ ಬರೆದವಳು ಮುಂದಿನ ಮ್ಯಾಚಿನಲ್ಲಿ ಕೋರ್ಟಿಗೆ ಇಳಿದಾಗ, ಚೆಂಡಿನ ಹಿಂದೆ ಕಣ್ಣು ಓಡಿಸುವುದು ಬಿಟ್ಟು ಯಾರು ಖಾಲಿ ಇದ್ದಾರೆ ಅಂತ ನೋಡುತ್ತಿರುತ್ತಾಳೆ.